ಕೋಬ್ರಾ ಪ್ರತಿಕೃತಿಗೆ ಬೀಡಿನ ಬ್ಲಾಕೋ, ಅಲ್ಯೂಮಿನಿಯಂ ಬ್ಲಾಕೋ?

ಪ್ರಶ್ನೆ: ಫೈಬರ್ ಬಾಡಿ ಹಾಕಿ ಎ.ಸಿ. ಕೋಬ್ರಾ ಎಂಬ ಹಳೆಯ ಸ್ಪೋರ್ಟ್ಸ್ ಕಾರಿನ ಪ್ರತಿಕೃತಿ ಕಟ್ಟುತ್ತಿದ್ದೇನೆ. ಫೋರ್ಡ್ 302 ವಿ8 (ಎಂಟು ಸಿಲಿಂಡರಿನ) ಎಂಜಿನ್ನಿಗೆ ಬೀಡಿನ (ಎರಕದ ಕಬ್ಬಿಣದ) ಬ್ಲಾಕೂ, ಅಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಮುಖ್ಯ ಒಡಲೂ, ಸಿಗುತ್ತದೆ, ಬಹಳ ದುಬಾರಿಯಾದ ಅಲ್ಯೂಮಿನಿಯಂ ಬ್ಲಾಕೂ ಸಿಗುತ್ತದೆ. ಹಗುರಾದದ್ದನ್ನೇ ಕೊಳ್ಳಬೇಕಲ್ಲವೇ?
— ಓದುಗರೊಬ್ಬರು, ವಿದ್ಯಾಗಿರಿ, ಧಾರವಾಡ

ಉತ್ತರ: ರಸ್ತೆಯಲ್ಲಿ ಓಡಿಸುವ ಕಾರಾದರೆ ಬೀಡಿನ ಬ್ಲಾಕನ್ನೇ ಕೊಳ್ಳಿರಿ. 1962ರಲ್ಲಿ ಬಂದ ಮೂಲ ಕೋಬ್ರಾದಲ್ಲಿದ್ದುದೂ ತೆಳುಗೋಡೆಯ ಬೀಡಿನ ಫೋರ್ಡ್ ಎಂಜಿನ್ನೇ.

ಅಲ್ಯೂಮಿನಿಯಂನ ಸಾಂದ್ರತೆ ಘನ ಸೆಂ.ಮೀ.ಗೆ 2.7 ಗ್ರಾಂ, ಬೀಡಿನದು ಸುಮಾರು 7.2. ಆದರೂ ಬ್ಲಾಕಿನ ತೂಕ ಮೂರನೆಯ ಒಂದು ಭಾಗಕ್ಕೆ ಇಳಿಯುವುದಿಲ್ಲ. ಮೆದು ಲೋಹಕ್ಕೆ ಗೋಡೆ ದಪ್ಪವಿರಬೇಕು, ಸಿಲಿಂಡರಿಗೆ ಸಾಮಾನ್ಯವಾಗಿ ಕಬ್ಬಿಣದ ಲೈನರ್ (ಒಳಕೊಳವೆ) ಕೂಡಿಸಬೇಕು. ಹೀಗಾಗಿ ಉಳಿಯುವ ತೂಕ ಅಂದುಕೊಂಡಷ್ಟು ದೊಡ್ಡದಲ್ಲ. ಮುಂದಿನ ಚಕ್ರಗಳ ಮೇಲಿನ ಈ ಭಾರ ಇಳಿದರೆ ತಿರುವಿನಲ್ಲಿ ಗೊತ್ತಾಗುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೀಡಿನ ಬ್ಲಾಕಿನ ಮೇಲೆ ಅಲ್ಯೂಮಿನಿಯಂ ಹೆಡ್‌ಗಳನ್ನು (ಸಿಲಿಂಡರುಗಳ ಮೇಲ್ಮುಚ್ಚಳಗಳನ್ನು) ಕೂರಿಸಿದರೆ ಬಹಳ ಕಡಿಮೆ ಖರ್ಚಿನಲ್ಲಿಯೇ ಸುಮಾರು 20 ಕೆ.ಜಿ. ಇಳಿಯುತ್ತದೆ.

ನನ್ನ ನಿಜವಾದ ಚಿಂತೆ ಬಿಸಿಯದು. ಅಲ್ಯೂಮಿನಿಯಂ ಶಾಖವನ್ನು ಬೇಗ ಹೊರಹಾಕುತ್ತದೆ, ಆದರೆ ಬಿಸಿಯಾದಾಗ ಬೀಡಿನ ಎರಡರಷ್ಟು ಹಿಗ್ಗುತ್ತದೆ; ಆದ್ದರಿಂದ ಬೇರಿಂಗ್ ಮತ್ತು ವಾಲ್ವ್‌ಗಳ ಕ್ಲಿಯರೆನ್ಸ್ (ಬಿಡುವ ಸಂದು) ತಣ್ಣಗಿರುವಾಗ ಒಂದು, ಬಿಸಿಯಾದಾಗ ಇನ್ನೊಂದು ಆಗುವುದನ್ನು ಮೊದಲೇ ಲೆಕ್ಕ ಹಾಕಿ ಜೋಡಿಸುವ ಕೈ ಬೇಕು. ಏಪ್ರಿಲ್ ಬಿಸಿಲಿನಲ್ಲಿ ಹುಬ್ಬಳ್ಳಿಯ ಚನ್ನಮ್ಮ ವೃತ್ತದಲ್ಲಿ ಗಾಡಿ ನಿಂತು ಎಂಜಿನ್ ಒಮ್ಮೆ ಅತಿಯಾಗಿ ಕಾದರೆ ಬೀಡು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ, ಅಲ್ಯೂಮಿನಿಯಂ ಸೊಟ್ಟಗಾಗುವ ಸಂಭವ ಹೆಚ್ಚು. ಮೇಲಾಗಿ ನಮ್ಮ ಕಡೆ ರೇಡಿಯೇಟರಿಗೆ ಬೋರ್‌ವೆಲ್ಲಿನ ಸವಳು ನೀರನ್ನೇ ಸುರಿಯುವ ರೂಢಿಯಿದೆ. ಆ ನೀರು ಅಲ್ಯೂಮಿನಿಯಂ ಅನ್ನು ಒಳಗಿನಿಂದಲೇ ತಿನ್ನುತ್ತದೆ. ಹೆಡ್ ಮಾತ್ರ ಅಲ್ಯೂಮಿನಿಯಂ ಆದರೂ ಡಿಸ್ಟಿಲ್ಡ್ ನೀರು ಬೆರೆಸಿದ ಒಳ್ಳೆಯ ಕೂಲಂಟನ್ನೇ ಹಾಕಿರಿ, ದಯವಿಟ್ಟು ಇದರಲ್ಲಿ ಉಳಿತಾಯ ಮಾಡಬೇಡಿರಿ.

ದುರಸ್ತಿಯ ಮಾತೂ ಇದೆ. ಬೀಡಿನ ಬ್ಲಾಕಿಗೆ ಬೋರಿಂಗ್ (ಸವೆದ ಸಿಲಿಂಡರನ್ನು ಕೊರೆದು ಅಗಲಿಸುವುದು), ಹೋನಿಂಗ್ (ಒಳಗೋಡೆಯನ್ನು ನಯಗೊಳಿಸುವುದು) ಮಾಡಬಲ್ಲ ಅನುಭವಿಗಳು ಹುಬ್ಬಳ್ಳಿಯ ಗೋಕುಲ ರಸ್ತೆಯ ಆಸುಪಾಸಿನಲ್ಲಿಯೇ ಸಿಗುತ್ತಾರೆ. ಅಲ್ಯೂಮಿನಿಯಂನಲ್ಲಿ ಬೋಲ್ಟಿನ ಆಟೆ (ತಿರುಪಿನ ಗೆರೆ) ಕಿತ್ತುಬಂದರೆ ಇನ್ಸರ್ಟ್ (ಹೊಸ ಆಟೆಯ ತುಂಡು) ಹಾಕಬೇಕು, ಲೈನರ್ ಸಡಿಲಾದರೆ ದೂರದ ಊರಿಗೆ ಹೊರಬೇಕು.

ಹಳೆಯ ಬ್ಲಾಕಾದರೆ ಹಣ ಕೊಡುವ ಮುನ್ನ ಬಿರುಕಿನ ಪರೀಕ್ಷೆ ಮಾಡಿಸಿ, ಸಿಲಿಂಡರ್ ಗೋಡೆಯ ದಪ್ಪವನ್ನು ಅಳೆಸಿರಿ. ಈ ತೆಳುಗೋಡೆಯ ಬ್ಲಾಕನ್ನು 0.75 ಮಿ.ಮೀ.ಗಿಂತ ಹೆಚ್ಚು ಬೋರ್ ಮಾಡಿಸುವುದು ಕ್ಷೇಮವಲ್ಲ, ಹಿಂದಿನ ಮಾಲೀಕರು ಅಷ್ಟನ್ನು ಆಗಲೇ ಮಾಡಿಸಿದ್ದರೆ ಆ ಬ್ಲಾಕನ್ನು ಬಿಟ್ಟುಬಿಡಿರಿ.