ತೋಟದಲ್ಲಿ ದುಡಿಯುವ ಹೆಂಗಸರಿಗೂ ಡಂಬೆಲ್ ಬೇಕೇ?

ಮೂಡಿಗೆರೆಯ ತೋಟದಲ್ಲಿ ದಿನವಿಡೀ ಮೂಟೆ ಹೊರುವವಳಿಗೆ ವ್ಯಾಯಾಮದಿಂದ ಮನಸ್ಸಿಗೇನು ಲಾಭ ಎಂದು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಮೂಟೆಯ ತೂಕವನ್ನಾಗಲಿ, ದಣಿವಾರಿಸುವ ಹೊತ್ತನ್ನಾಗಲಿ ಅವಳು ಆರಿಸುವುದಿಲ್ಲ. ವ್ಯಾಯಾಮದಲ್ಲಿ ಎರಡೂ ಅವಳದೇ ನಿರ್ಧಾರ. ನನ್ನ ಮಟ್ಟಿಗೆ ವ್ಯತ್ಯಾಸವಿರುವುದು ಅಲ್ಲಿಯೇ.

33 ಪ್ರಯೋಗಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯೊಂದರಲ್ಲಿ, ಭಾರದ ವ್ಯಾಯಾಮ ಮಾಡಿದವರಲ್ಲಿ ಖಿನ್ನತೆಯ ಲಕ್ಷಣಗಳು ತಗ್ಗಿದ್ದವು. ಸ್ವಾರಸ್ಯವೆಂದರೆ, ಸ್ನಾಯುಬಲ ಎಷ್ಟು ಹೆಚ್ಚಿತು ಎಂಬುದಕ್ಕೂ ಆ ಲಾಭಕ್ಕೂ ನಂಟು ಕಾಣಲಿಲ್ಲ. ಹಾಗಾಗಿ ಜಿಮ್ಮಿಗಾಗಿ ಚಿಕ್ಕಮಗಳೂರಿಗೆ ಬಸ್ ಹತ್ತಬೇಕಿಲ್ಲ. ಗೋಡೆಗೆ ಕೈಯೂರಿ ಪುಷ್‌ಅಪ್, ಕುರ್ಚಿಯಿಂದ ಎದ್ದು ಕೂರುವುದು, ವಾರಕ್ಕೆ ಎರಡು ದಿನ. ಕೊಯ್ಲಿನ ಕಾಲದಲ್ಲಿ ಮೈ ನೋಯುತ್ತಿದ್ದರೆ ಬಿಡಲಿ.

ನಿದ್ದೆ, ಊಟ ಎರಡೂ ಕೆಟ್ಟು ವಾರಗಳೇ ಕಳೆದಿದ್ದರೆ ವ್ಯಾಯಾಮವೊಂದನ್ನೇ ನಂಬಿ ಕೂರಬೇಡಿ. ವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ.