ಮಗಳ ಜೊತೆ ನಾಗ್ ಟಿಬ್ಬಾ: ಹೊರೆ, ಚಳಿ, ತಲೆನೋವು

ಪ್ರಶ್ನೆ: ನವೆಂಬರ್ ಮೊದಲ ವಾರ ಒಂಬತ್ತು ವರ್ಷದ ಮಗಳನ್ನು ಉತ್ತರಾಖಂಡದ ನಾಗ್ ಟಿಬ್ಬಾ ಶಿಖರಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಬುಡದ ಹಳ್ಳಿ ಪಂತ್‌ವಾಡಿಯಿಂದ ಹತ್ತಿ, ಒಂದು ರಾತ್ರಿ ಟೆಂಟಿನಲ್ಲಿ ವಾಸ. ಅವಳ ತೂಕ 26 ಕೆ.ಜಿ., ನನ್ನದು 68. ಯಾರು ಎಷ್ಟು ಹೊರಬಹುದು? (ಓದುಗರು, ಶಿವಮೊಗ್ಗ)

ಉತ್ತರ: ಮಗಳ ಬೆನ್ನ ಮೇಲೆ ಎರಡೂವರೆ ಕೆ.ಜಿ. ದಾಟಬಾರದು. ಜಾಕೆಟ್, ರೇನ್‌ಕೋಟ್, ಅರ್ಧ ಲೀಟರ್ ನೀರು, ಶೇಂಗಾ ಚಿಕ್ಕಿ, ಟಾರ್ಚ್ ಹಾಕಿದರೆ ಅಷ್ಟಾಗುತ್ತದೆ. ವಿಶಲ್ ಮಾತ್ರ ಬ್ಯಾಗಿನೊಳಗೆ ಬೇಡ, ಕೊರಳಲ್ಲೇ ಇರಲಿ. ದಾರಿ ತಪ್ಪಿದರೆ ಅಲೆಯದೆ ಇದ್ದಲ್ಲೇ ನಿಂತು ಮೂರು ಮೂರು ಸಲ ಊದಬೇಕೆಂದು ಮನೆಯಲ್ಲೇ ರೂಢಿ ಮಾಡಿಸಿ.

ಉಳಿದದ್ದೆಲ್ಲ ನಿಮ್ಮ ಹೆಗಲಿಗೆ. ಟೆಂಟ್ ಎರಡೂವರೆ, ಎರಡು ಸ್ಲೀಪಿಂಗ್ ಬ್ಯಾಗ್ ಸೇರಿ ಮೂರು, ಮ್ಯಾಟ್‌ಗಳು ಒಂದು, ಒಲೆ, ಪಾತ್ರೆ, ಗ್ಯಾಸ್ ಒಂದೂಕಾಲು, ಊಟದ ಸಾಮಾನು ಒಂದೂವರೆ, ನೀರು ಮೂರು, ಬಟ್ಟೆ-ಔಷಧಿ ಎರಡು. ಬ್ಯಾಗಿನ ತೂಕವೂ ಸೇರಿ ಸುಮಾರು 16 ಕೆ.ಜಿ. ಆ ದಾರಿಯಲ್ಲಿ ನೀರು ಸಿಗುವ ಜಾಗ ಕಡಿಮೆ, ಆದ್ದರಿಂದ ನೀರಿನಲ್ಲಿ ಉಳಿತಾಯ ಮಾಡಬೇಡಿ. ಆದರೆ ಸುಸ್ತಾದ ಮಗು ತನ್ನ ಬ್ಯಾಗನ್ನು ಕೆಳಗಿಟ್ಟರೆ ಅದೂ ನಿಮ್ಮ ಪಾಲಿಗೇ ಬರುತ್ತದೆ. ಹಾಗಾಗಿ ಪಂತ್‌ವಾಡಿಯಲ್ಲಿ ಹೇಸರಗತ್ತೆ ಬಾಡಿಗೆಗೆ ಹಿಡಿದು ಟೆಂಟ್, ಸ್ಲೀಪಿಂಗ್ ಬ್ಯಾಗ್‌ಗಳನ್ನು ಅದರ ಮೇಲೆ ಹೇರಿ ಎಂದೇ ನಮ್ಮ ಸಲಹೆ. ಗ್ಯಾಸ್ ಕ್ಯಾನ್ ವಿಮಾನದಲ್ಲಿ ಒಯ್ಯುವಂತಿಲ್ಲ, ಡೆಹ್ರಾಡೂನ್‌ನಲ್ಲಿ ಕೊಳ್ಳಿ.

ಪ್ರಶ್ನೆ: ರಾತ್ರಿಯ ಚಳಿಯನ್ನು ಮಗು ತಡೆದೀತೇ?

ಉತ್ತರ: ತಡೆಯುತ್ತದೆ, ಮೈ ಒಣಗಿದ್ದರೆ. ಆ ಹೊತ್ತಿಗೆ ರಾತ್ರಿ ತಾಪಮಾನ ಸೊನ್ನೆಯ ಹತ್ತಿರ ಇಳಿಯಬಹುದು. ಹತ್ತುವಾಗ ಬೆವರಿದ ಹತ್ತಿ ಬನಿಯನ್ ಒಣಗುವುದೇ ಇಲ್ಲ. ಸಂಜೆ ಗಾಳಿ ಬೀಸಿದ ಕೂಡಲೇ ಮಗು ನಡುಗಲು ಶುರು. ಕ್ಯಾಂಪ್ ಮುಟ್ಟಿದ ಮೇಲೆ ಮೊದಲ ಕೆಲಸ ಟೆಂಟ್ ಹಾಕುವುದಲ್ಲ, ಮಗುವಿನ ಬನಿಯನ್, ಕಾಲುಚೀಲ ಬದಲಿಸುವುದು. ಮಲಗಲೆಂದೇ ಒಂದು ಜೊತೆ ಉಣ್ಣೆಯ ಕಾಲುಚೀಲ ಬೇರೆ ಎತ್ತಿಡಿ.

ಸ್ಲೀಪಿಂಗ್ ಬ್ಯಾಗಿನ ಚೀಟಿಯಲ್ಲಿ ‘ಕಂಫರ್ಟ್’, ‘ಲಿಮಿಟ್’, ‘ಎಕ್ಸ್‌ಟ್ರೀಮ್’ ಎಂದು ತಾಪಮಾನದ ಮೂರು ಅಂಕಿ ಇರುತ್ತವೆ. ಅಂಗಡಿಯವರು ಕೆಲವೊಮ್ಮೆ ಕೊನೆಯದನ್ನು ತೋರಿಸಿ ಮಾರುತ್ತಾರೆ. ಅದು ಜೀವ ಉಳಿಯುವ ಅಂದಾಜೇ ಹೊರತು ನಿದ್ದೆ ಬರುವ ಅಂಕಿಯಲ್ಲ. ನೀವು ನೋಡಬೇಕಾದದ್ದು ಕಂಫರ್ಟ್, ಅದೂ ಮೈನಸ್ 5 ಡಿಗ್ರಿಯದ್ದು. ದೊಡ್ಡವರ ಬ್ಯಾಗಿನಲ್ಲಿ ಮಗುವಿನ ಕಾಲ ಕೆಳಗೆ ಉಳಿಯುವ ಜಾಗವನ್ನೂ ಅದರ ಮೈಶಾಖವೇ ಬಿಸಿ ಮಾಡಬೇಕು. ಅಲ್ಲಿ ಒಣ ಜಾಕೆಟ್ ತುರುಕಿ. ಅಡಿಯಲ್ಲಿ 10 ಮಿ.ಮೀ. ಫೋಮ್ ಮ್ಯಾಟ್ ಇರಲೇಬೇಕು, ಮೈಭಾರಕ್ಕೆ ಅದುಮಿದ ಬ್ಯಾಗ್ ನೆಲದ ತಂಪನ್ನು ತಡೆಯುವುದಿಲ್ಲ. ಗಟ್ಟಿ ಮುಚ್ಚಳದ ಬಾಟಲಿಗೆ ಬಿಸಿನೀರು ತುಂಬಿ, ಕಾಲುಚೀಲದೊಳಗೆ ಹಾಕಿ ಪಾದದ ಬಳಿ ಇಡಿ.

ಚಳಿಯೆಂದು ಟೆಂಟಿನ ಜಿಪ್ ಪೂರ್ತಿ ಎಳೆದರೆ ಉಸಿರಿನ ತೇವ ಬಟ್ಟೆಗೆ ಕಟ್ಟಿ ಬೆಳಗಿನ ಜಾವ ತೊಟ್ಟಿಕ್ಕುತ್ತದೆ. ಮೇಲಿನ ಕಿಂಡಿ ತೆರೆದಿರಲಿ. ಒಳಗೆ ಒಲೆ ಮಾತ್ರ ಹಚ್ಚಲೇಬೇಡಿ, ಉರಿಯಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆ ಇಲ್ಲ. ಬೆಳಿಗ್ಗೆ ಒಲೆ ಸೊರಗಿ ಉರಿದರೆ ಕ್ಯಾನಿನೊಳಗಿನ ಬ್ಯೂಟೇನ್ ತಣ್ಣಗಾಗಿದೆ ಎಂದರ್ಥ; ಹಚ್ಚುವ ಮೊದಲು ಅರ್ಧ ಗಂಟೆ ಕ್ಯಾನನ್ನು ಜಾಕೆಟ್ಟಿನೊಳಗೆ ಇಟ್ಟುಕೊಳ್ಳಿ. ಬೆಂಕಿಯ ಮೇಲೆ ಹಿಡಿದು ಬಿಸಿ ಮಾಡುವುದು ಅಪಾಯ.

ಪ್ರಶ್ನೆ: ಎತ್ತರಕ್ಕೆ ತಲೆನೋವು ಬಂದರೆ ಮಾತ್ರೆ ಕೊಡಬಹುದೇ?

ಉತ್ತರ: ನಾಗ್ ಟಿಬ್ಬಾ ಶಿಖರ 3,022 ಮೀಟರ್. ಎತ್ತರದ ತೊಂದರೆ 2,500 ದಾಟಿದ ಮೇಲೆ ಕಾಣಿಸಿಕೊಳ್ಳಬಹುದು. ಡೆಹ್ರಾಡೂನ್‌ನಿಂದ ಅದೇ ದಿನ ಹತ್ತಬೇಡಿ. ಸುಮಾರು 2,000 ಮೀಟರ್ ಎತ್ತರದ ಮಸೂರಿಯಲ್ಲಿ ಒಂದು ರಾತ್ರಿ ತಂಗಿ. ಮಕ್ಕಳು ತಲೆನೋವೆಂದು ಸರಿಯಾಗಿ ಹೇಳದೆ ಇರಬಹುದು. ಇಷ್ಟದ ತಿಂಡಿಯನ್ನೂ ಬೇಡವೆನ್ನುವುದು, ಸುಮ್ಮನೆ ರಚ್ಚೆ ಹಿಡಿಯುವುದು, ವಾಂತಿ, ಇವೇ ಸೂಚನೆ. ಆಗ ಮೇಲೆ ಹತ್ತದೆ ನಿಂತು ನೀರು ಕುಡಿಸಿ. ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಪ್ರಮಾಣವನ್ನು ಮೊದಲೇ ವೈದ್ಯರಿಂದ ಬರೆಸಿಕೊಂಡಿದ್ದರೆ ಕೊಡಬಹುದು. ಎತ್ತರದ ತೊಂದರೆಗೆಂದು ಬಳಸುವ ಡಯಾಮಾಕ್ಸ್ ಮಾತ್ರೆ ನಿಮ್ಮಷ್ಟಕ್ಕೆ ಕೊಡುವ ಔಷಧಿಯಲ್ಲ. ತಲೆನೋವು ಇಳಿಯದಿದ್ದರೆ ಅಥವಾ ಮತ್ತೆ ವಾಂತಿಯಾದರೆ ಶಿಖರದ ಆಸೆ ಬಿಟ್ಟು ಕೆಳಗಿಳಿಯಿರಿ. ಮಗು ತೂರಾಡಿದರೆ, ತಡಬಡ ಮಾತಾಡಿದರೆ ಅಥವಾ ಕೂತಲ್ಲೇ ಏದುಸಿರು ಬಿಟ್ಟರೆ ಬೆಳಗಾಗಲೆಂದು ಕಾಯದೆ ಟಾರ್ಚ್ ಹಿಡಿದು ಆಗಲೇ ಇಳಿದು ಆಸ್ಪತ್ರೆ ಸೇರಿ.