ಟ್ಯಾಂಕು, ಬತ್ತಿ ಮತ್ತು ಕಾನೂನು: ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಪ್ರಶ್ನೆ: ನಾನು ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ವಯಸ್ಸು 66. ದಿನಕ್ಕೆ ಹದಿನೈದು ಸಿಗರೇಟು ಸೇದುತ್ತೇನೆ. ಮುಂದಿನ ತಿಂಗಳು ಇಂಗ್ಲೆಂಡಿನಲ್ಲಿರುವ ಮಗನ ಮನೆಗೆ ಐದು ತಿಂಗಳ ಮಟ್ಟಿಗೆ ಹೋಗುತ್ತಿದ್ದೇನೆ. ಅಲ್ಲಿ ಎರಡು ವರ್ಷದ ಮೊಮ್ಮಗಳಿದ್ದಾಳೆ. "ಅಪ್ಪಾಜಿ, ಇಲ್ಲಿಗೆ ಬಂದ ಮೇಲೆ ಸಿಗರೇಟು ಬೇಡ, ದ್ರವ ತುಂಬಿಸಿಕೊಳ್ಳುವ ಟ್ಯಾಂಕಿನ ಇ-ಸಿಗರೇಟ್ ಕೊಡಿಸುತ್ತೇನೆ" ಎಂದು ಮಗ ಹೇಳುತ್ತಿದ್ದಾನೆ. ಅವನು ಕಳಿಸಿದ ಚಿತ್ರಗಳಲ್ಲಿ ಒಂದೊಂದೂ ಒಂದೊಂದು ಥರ ಇದೆ. ಯಾವುದನ್ನು ಆರಿಸಬೇಕು, ಹೇಗೆ ಬಳಸಬೇಕು, ಬರುವಾಗ ಊರಿಗೆ ತರಬಹುದೇ ಎಂಬುದನ್ನು ತಿಳಿಸಿ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದ ಲೆಕ್ಕಾಚಾರವೆಲ್ಲ ಅದರ ಮೇಲೆ ನಿಂತಿದೆ. ಊರಿಗೆ ತರುವಂತಿಲ್ಲ. ನಮ್ಮ ರಾಜ್ಯದಲ್ಲಿ ಇ-ಸಿಗರೇಟಿನ ಮಾರಾಟಕ್ಕೆ 2016ರಲ್ಲೇ ನಿಷೇಧ ಬಂದಿತ್ತು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಅದನ್ನು ಕಾಯ್ದೆಯನ್ನಾಗಿಸಿತು. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಹಂಚಿಕೆ, ಸಂಗ್ರಹ, ಜಾಹೀರಾತು ಇವೆಲ್ಲವೂ ಆ ಕಾಯ್ದೆಯಡಿ ಅಪರಾಧಗಳು. ಮೊದಲ ಬಾರಿಯ ತಪ್ಪಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಸಂಗ್ರಹವೊಂದಕ್ಕೇ ಆರು ತಿಂಗಳವರೆಗೆ ಸೆರೆವಾಸ, 50,000 ರೂಪಾಯಿವರೆಗೆ ದಂಡ ಎಂದು ಬೇರೆಯಾಗಿ ಹೇಳಲಾಗಿದೆ. "ಸ್ವಂತಕ್ಕೆ ಒಂದೇ ಒಂದು ತಂದದ್ದು, ಮಗ ಕೊಡಿಸಿದ್ದು" ಎಂಬ ಮಾತು ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಯ ಮುಂದೆ ನಡೆಯುವುದಿಲ್ಲ. ಆದ್ದರಿಂದ ಅದು ಇಂಗ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲೇ ಮುಗಿಯಬೇಕಾದ ವ್ಯವಹಾರವೆಂದು ಮೊದಲೇ ನಿಶ್ಚಯಿಸಿಕೊಂಡು ಮುಂದಿನದನ್ನು ಓದಿ.

ಹಾಗಾದರೆ ಅಲ್ಲಿಯಾದರೂ ಏಕೆ ಬಳಸಬೇಕು ಎಂದು ನೀವು ಕೇಳಬಹುದು. ದಮ್ಮು ಎಳೆದಾಗ ಸಿಗರೇಟಿನ ತುದಿ ಸುಮಾರು 900 ಡಿಗ್ರಿಯಲ್ಲಿ ಉರಿಯುತ್ತದೆ. ಶ್ವಾಸಕೋಶವನ್ನು ಹಾಳುಮಾಡುವ ಟಾರ್, ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಕಬಳಿಸುವ ಕಾರ್ಬನ್ ಮಾನಾಕ್ಸೈಡ್ ಎರಡೂ ಆ ಉರಿಯಿಂದಲೇ ಬರುವಂಥವು. ಇ-ಸಿಗರೇಟಿನಲ್ಲಿ ಎಲೆಯೂ ಇಲ್ಲ, ಉರಿಯೂ ಇಲ್ಲ. ನಿಕೋಟಿನ್ ಬೆರೆಸಿದ ದ್ರವ ಕಾದು ಆವಿಯಾಗುತ್ತದೆ, ಅಷ್ಟೆ. ಸಿಗರೇಟು ಬಿಡಿಸುವುದರಲ್ಲಿ ಅದು ನಿಕೋಟಿನ್ ಚೂಯಿಂಗ್ ಗಮ್ ಮತ್ತು ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಗಳಿಗಿಂತ ಹೆಚ್ಚು ಜನರಿಗೆ ನೆರವಾಗುತ್ತದೆ ಎಂಬುದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಮಾಡಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಪರಿಶೀಲನೆಗಳಲ್ಲಿ ಕಂಡಿದೆ, ಬ್ರಿಟನ್ನಿನ ಆರೋಗ್ಯ ಸೇವೆಯೂ ವಯಸ್ಕ ಧೂಮಪಾನಿಗಳಿಗೆ ಅದನ್ನು ಒಂದು ದಾರಿಯಾಗಿ ತೋರಿಸುತ್ತದೆ. ಸಿಗರೇಟಿಗಿಂತ ಕಡಿಮೆ ಕೆಟ್ಟದ್ದು ಎನ್ನುವುದಕ್ಕೂ ಒಳ್ಳೆಯದು ಎನ್ನುವುದಕ್ಕೂ ಬಹಳ ಅಂತರವಿದೆ. ಎಂದೂ ಸೇದದವರು ಇದನ್ನು ಮುಟ್ಟಲು ಒಂದೇ ಒಂದು ಕಾರಣವೂ ನನಗೆ ಕಾಣುವುದಿಲ್ಲ. ನಿಮ್ಮದು ಬೇರೆ ಲೆಕ್ಕ.

ಈಗ ಆಯ್ಕೆಯ ವಿಷಯ. ನಮ್ಮ ಮನೆಗಳಲ್ಲಿ ಹಿಂದೆ ಇದ್ದ ಸೀಮೆಎಣ್ಣೆಯ ಬತ್ತಿ ಸ್ಟವ್ವನ್ನು ನೆನಪಿಸಿಕೊಂಡರೆ ಈ ಸಾಧನ ಅರ್ಧ ಅರ್ಥವಾದಂತೆಯೇ. ಸ್ಟವ್ವಿನ ಕೆಳಗಿನ ತೊಟ್ಟಿಯೇ ಇಲ್ಲಿಯ ಟ್ಯಾಂಕು. ಎಣ್ಣೆಯನ್ನು ಹೀರಿ ಮೇಲಕ್ಕೆ ತರುತ್ತಿದ್ದ ಬತ್ತಿ ಇಲ್ಲಿಯೂ ಹತ್ತಿಯದೇ. ಜೀವಮಾನವೆಲ್ಲ ಹತ್ತಿಯ ನಡುವೆ ಕಳೆದ ನಿಮಗೆ ಅದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬೆಂಕಿಯ ಬದಲು ಆ ಬತ್ತಿಗೆ ಸುತ್ತಿದ ಅಥವಾ ತಾಗಿಕೊಂಡ ಸಣ್ಣ ಲೋಹದ ಸುರುಳಿಯೊಂದಿರುತ್ತದೆ, ಅದನ್ನು ಕಾಯಿಲ್ ಎನ್ನುತ್ತಾರೆ. ಬ್ಯಾಟರಿಯ ವಿದ್ಯುತ್ತು ಹರಿದಾಗ ಅದು ಕಾಯುತ್ತದೆ, ಬತ್ತಿಯಲ್ಲಿರುವ ದ್ರವ ಆವಿಯಾಗಿ ನಡುವಿನ ಕೊಳವೆಯ ಮೂಲಕ ಬಾಯಿಗೆ ಬರುತ್ತದೆ. ಈ ನಾಲ್ಕು ಭಾಗಗಳು ಒಂದಕ್ಕೊಂದು ಹೊಂದಿಕೊಂಡರೆ ಸಾಧನ ನೆಟ್ಟಗಿರುತ್ತದೆ, ಹೊಂದದಿದ್ದರೆ ಎಷ್ಟು ದುಡ್ಡು ಕೊಟ್ಟು ತಂದರೂ ಸೋರುತ್ತದೆ ಇಲ್ಲವೇ ಸೀಯುತ್ತದೆ.

ಮಗ ಕಳಿಸಿದ ಚಿತ್ರಗಳಲ್ಲಿ ಸ್ಥೂಲವಾಗಿ ಎರಡು ಜಾತಿಗಳಿರಬೇಕು. ಒಂದು ಜಾತಿಯಲ್ಲಿ ಸಿಗರೇಟಿನಂತೆಯೇ ಮೊದಲು ಬಾಯಿಗೆ ಎಳೆದುಕೊಂಡು ಆಮೇಲೆ ಒಳಗೆ ತೆಗೆದುಕೊಳ್ಳುತ್ತಾರೆ; ಗಾಳಿಯ ಕಿಂಡಿ ಕಿರಿದು, ಕಾಯಿಲಿನ ರೋಧ, ಅಂದರೆ ವಿದ್ಯುತ್ತಿನ ಹರಿವಿಗೆ ಅದು ಒಡ್ಡುವ ತಡೆ, 1 ಓಮ್ ಅಥವಾ ಅದಕ್ಕಿಂತ ಹೆಚ್ಚು. ಇನ್ನೊಂದು ಜಾತಿಯಲ್ಲಿ ಉಸಿರಾಡಿದಂತೆ ನೇರವಾಗಿ ಶ್ವಾಸಕೋಶಕ್ಕೇ ಎಳೆಯುತ್ತಾರೆ. ಕಿಂಡಿ ಅಗಲ, ರೋಧ 1 ಓಮ್‌ಗಿಂತ ಕಡಿಮೆ, ಆವಿ ಮೋಡದಷ್ಟು. 3.7 ವೋಲ್ಟಿನ ಬ್ಯಾಟರಿಗೆ 1.2 ಓಮಿನ ಕಾಯಿಲ್ ಹಾಕಿದರೆ ಸುಮಾರು 11 ವ್ಯಾಟ್ ಶಕ್ತಿ ಹರಿಯುತ್ತದೆ, 0.5 ಓಮಿನದು ಹಾಕಿದರೆ 27 ವ್ಯಾಟ್ ದಾಟುತ್ತದೆ. ಶಾಖ, ದ್ರವದ ಖರ್ಚು, ಬ್ಯಾಟರಿಯ ಮೇಲಿನ ಭಾರ ಎಲ್ಲವೂ ಅದರ ಜೊತೆಗೇ ಏರುತ್ತವೆ. ಸಿಗರೇಟಿನಿಂದ ಬರುತ್ತಿರುವ ನಿಮಗೆ ಮೊದಲನೆಯ ಜಾತಿಯೇ ಸರಿ. ಎರಡನೆಯದು ಹೊಗೆಯ ಬಳೆ ಬಿಡುವ ಹುಡುಗರ ಷೋಕಿ.

ದ್ರವವೂ ಇದಕ್ಕೆ ತಕ್ಕಂತೆ ಇರಬೇಕು. ಅದರಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಎಂಬ ತೆಳುವಾದ ವಸ್ತುವೂ ಸಸ್ಯಜನ್ಯ ಎಣ್ಣೆಗಳಿಂದ ತೆಗೆದ ಮಂದವಾದ ಗ್ಲಿಸರಿನ್ನೂ ಬೆರೆತಿರುತ್ತವೆ, ಜೊತೆಗೆ ನಿಕೋಟಿನ್ ಮತ್ತು ಪರಿಮಳ. ಸೀಮೆಎಣ್ಣೆ ಸ್ಟವ್ವಿಗೆ ಹರಳೆಣ್ಣೆ ಹೊಯ್ದರೆ ಬತ್ತಿಗೆ ಏರುತ್ತದೆಯೇ? ಹಾಗೆಯೇ ಗ್ಲಿಸರಿನ್ ಹೆಚ್ಚಿರುವ ಮಂದ ದ್ರವವನ್ನು ಸಣ್ಣ ಕಿಂಡಿಯ ಕಾಯಿಲಿಗೆ ಹಾಕಿದರೆ ಬತ್ತಿ ಒಣಗಿ ಸೀದ ವಾಸನೆ ಬರುತ್ತದೆ. ತೆಳು ದ್ರವವನ್ನು ದೊಡ್ಡ ಕಿಂಡಿಯ ಟ್ಯಾಂಕಿಗೆ ಹಾಕಿದರೆ ಕೆಳಗಿನಿಂದ ಸೋರಿ ಅಂಗಿಯ ಜೇಬು ಅಂಟಾಗುತ್ತದೆ. ನೀವು ಕೊಳ್ಳುವಂಥ ಸಾಧನಕ್ಕೆ ಎರಡೂ ಸಮಸಮವಾಗಿರುವ ದ್ರವ ಒಪ್ಪುತ್ತದೆ. ಟ್ಯಾಂಕು ಗಾಜಿನದಾದರೆ ಎಷ್ಟು ಉಳಿದಿದೆಯೆಂದು ಕಾಣುತ್ತದೆ, ಕೈಜಾರಿದರೆ ಒಡೆಯುತ್ತದೆ. ಪ್ಲಾಸ್ಟಿಕ್ಕಿನದಾದರೆ ನಿಂಬೆ, ಕಿತ್ತಳೆ, ದಾಲ್ಚಿನ್ನಿಯ ಪರಿಮಳದ ದ್ರವಗಳು ಅದನ್ನು ಬಿರುಕು ಬಿಡಿಸಬಲ್ಲವು. ಮೇಲಿನಿಂದ ತುಂಬಿಸುವ ಬಗೆ ವಯಸ್ಸಾದ ಕೈಗಳಿಗೆ ಸುಲಭ. ಅಲ್ಲಿಯ ನಿಯಮದಂತೆ ಟ್ಯಾಂಕು 2 ಮಿಲಿಲೀಟರಿಗಿಂತ, ನಿಕೋಟಿನ್ ಇರುವ ಬಾಟಲಿ 10 ಮಿಲಿಲೀಟರಿಗಿಂತ, ನಿಕೋಟಿನ್ ಪ್ರಮಾಣ ಮಿಲಿಲೀಟರಿಗೆ 20 ಮಿಲಿಗ್ರಾಮಿಗಿಂತ ಹೆಚ್ಚಿರುವಂತಿಲ್ಲ. ಒಮ್ಮೆ ಬಳಸಿ ಎಸೆಯುವ ಬಗೆಯ ಮಾರಾಟವನ್ನು ಅಲ್ಲಿ 2025ರ ಜೂನ್ 1ರಿಂದ ನಿಲ್ಲಿಸಿದ್ದಾರೆ. ಅಂಥದ್ದನ್ನು ಯಾರಾದರೂ ಅಗ್ಗಕ್ಕೆ ಕೊಡಲು ಬಂದರೆ ಕೊಳ್ಳಬೇಡಿ.

ಬಳಕೆಯಲ್ಲಿ ಹೊಸಬರು ಎಡವುವುದು ಬಹುತೇಕ ಹೊಸ ಕಾಯಿಲ್ ಹಾಕಿದ ಮೊದಲ ಹತ್ತು ನಿಮಿಷಗಳಲ್ಲಿ. ಹೊಸ ಬತ್ತಿ ಒಣಗಿರುತ್ತದೆ. ಅದಕ್ಕೆ ಮೂರು ನಾಲ್ಕು ಹನಿ ದ್ರವ ಹಾಕಿ, ಟ್ಯಾಂಕು ತುಂಬಿಸಿ, ಹತ್ತು ನಿಮಿಷ ನಿಲ್ಲಿಸಿಟ್ಟು ಆಮೇಲೆ ಕಡಿಮೆ ಶಕ್ತಿಯಲ್ಲಿ ಆರಂಭಿಸಬೇಕು. ಆತುರಪಟ್ಟು ಒಣ ಬತ್ತಿಯನ್ನು ಕಾಯಿಸಿದರೆ ಹತ್ತಿ ಕರಕಾಗುತ್ತದೆ, ಆ ರುಚಿ ಮತ್ತೆ ಹೋಗುವುದಿಲ್ಲ, ಕಾಯಿಲನ್ನೇ ಬದಲಿಸಬೇಕಾಗುತ್ತದೆ. ಅದು ರುಚಿಯ ಮಾತಷ್ಟೇ ಅಲ್ಲ, ಅತಿಯಾಗಿ ಕಾದ ದ್ರವದಿಂದ ಫಾರ್ಮಾಲ್ಡಿಹೈಡ್, ಅಕ್ರೋಲೀನ್ ಮುಂತಾದ ಕೆರಳಿಸುವ ವಸ್ತುಗಳು ಹುಟ್ಟುತ್ತವೆ. ಸೀದ ವಾಸನೆ ಬಂದ ಕ್ಷಣವೇ ನಿಲ್ಲಿಸಿ. ತುಂಬಿಸುವಾಗ ನಡುವಿನ ಕೊಳವೆಗೆ ದ್ರವ ಬೀಳದಂತೆ ಗೋಡೆಯ ಬದಿಯಲ್ಲಿ ಇಳಿಬಿಡಿ, ಕತ್ತಿನವರೆಗೆ ತುಂಬಿಸದೆ ಸ್ವಲ್ಪ ಗಾಳಿಗೆ ಜಾಗ ಬಿಡಿ, ಬತ್ತಿಯ ಕಿಂಡಿಗಿಂತ ಕೆಳಗೆ ಇಳಿಯುವ ಮೊದಲೇ ಮತ್ತೆ ತುಂಬಿಸಿ. ಸಿಗರೇಟಿನ ಹಾಗೆ ಜೋರಾಗಿ ಎಳೆಯಬೇಡಿ. ಹಾಗೆ ಎಳೆದರೆ ದ್ರವವೇ ಕೊಳವೆಗೆ ನುಗ್ಗಿ ಗೊರಗೊರ ಸದ್ದಾಗುತ್ತದೆ. ನಿಧಾನವಾಗಿ, ಮೂರು ನಾಲ್ಕು ಸೆಕೆಂಡು ಸಾಕು. ಕಾಯಿಲ್ ಸಾಮಾನ್ಯವಾಗಿ ಒಂದೆರಡು ವಾರ ಬಾಳುತ್ತದೆ, ಸಿಹಿಯಾದ ಗಾಢ ಬಣ್ಣದ ದ್ರವಗಳು ಅದನ್ನು ಬೇಗ ಕರಿಕಟ್ಟಿಸುತ್ತವೆ.

ಇನ್ನು ಮೊಮ್ಮಗಳ ವಿಷಯ. ಮಿಲಿಲೀಟರಿಗೆ 18 ಮಿಲಿಗ್ರಾಂ ಇರುವ 10 ಮಿಲಿಲೀಟರಿನ ಬಾಟಲಿಯೊಂದರಲ್ಲಿ 180 ಮಿಲಿಗ್ರಾಂ ನಿಕೋಟಿನ್ ಇರುತ್ತದೆ. ಮಾವಿನ ಹಣ್ಣಿನ ವಾಸನೆ ಬರುವ ಆ ದ್ರವದ ಒಂದೆರಡು ಗುಟುಕು ಎರಡು ವರ್ಷದ ಮಗುವಿನ ಜೀವಕ್ಕೇ ಅಪಾಯ. ಬಾಟಲಿಯನ್ನೂ ಟ್ಯಾಂಕನ್ನೂ ಬೀಗ ಹಾಕುವ ಕಪಾಟಿನಲ್ಲಿಡಿ, ತುಂಬಿಸಿದ ಮೇಲೆ ಕೈಯನ್ನು ಸೋಪು ಹಾಕಿ ತೊಳೆದುಕೊಂಡೇ ಮಗುವನ್ನು ಎತ್ತಿಕೊಳ್ಳಿ, ಮನೆಯೊಳಗೆ ಎಳೆಯಬೇಡಿ.

ಐದು ತಿಂಗಳನ್ನು ಹೀಗೆ ಹಂಚಿಕೊಳ್ಳಿ ಎಂಬುದು ನನ್ನ ಸಲಹೆ. ಮೊದಲ ತಿಂಗಳಲ್ಲಿ ಸಿಗರೇಟು ಸಂಪೂರ್ಣ ನಿಲ್ಲುವಷ್ಟು ನಿಕೋಟಿನ್ ಇರಲಿ, ದಿನಕ್ಕೆ ಹದಿನೈದು ಸೇದುವವರಿಗೆ ದ್ರವದ ಮಿಲಿಲೀಟರಿಗೆ 12ರಿಂದ 18 ಮಿಲಿಗ್ರಾಂ ಬೇಕಾಗಬಹುದು. ಊಟವಾದ ಮೇಲೆ ಒಂದು ಸಿಗರೇಟು, ಉಳಿದ ಹೊತ್ತು ಇದು ಎಂಬ ಎರಡು ದೋಣಿಯ ಪ್ರಯಾಣ ಬೇಡ. ಆಮೇಲೆ 6ಕ್ಕೆ, 3ಕ್ಕೆ ಇಳಿಸುತ್ತ, ಹೊರಡುವ ಎರಡು ವಾರ ಮೊದಲು ನಿಲ್ಲಿಸಿ. ಪ್ರಮಾಣ ಇಳಿಸಿದಾಗ ಹೆಚ್ಚು ಸಲ ಎಳೆಯಬೇಕೆನಿಸುತ್ತದೆ, ಅದನ್ನು ಗಮನಿಸಿಕೊಳ್ಳಿ. ಊರಿಗೆ ಬಂದ ಮೇಲೆ ಚಪಲ ಹತ್ತಿದರೆ ಔಷಧ ಅಂಗಡಿಯಲ್ಲಿ ಸಿಗುವ 2 ಮಿಲಿಗ್ರಾಮಿನ ನಿಕೋಟಿನ್ ಗಮ್ ಇದೆ, ಚಿಗಟೇರಿ ಜಿಲ್ಲಾ ಆಸ್ಪತ್ರೆಯ ವೈದ್ಯರನ್ನೂ ಕಾಣಬಹುದು. ಹೊರಡುವ ಮುನ್ನ ಒಮ್ಮೆ ಹೃದಯದ ತಪಾಸಣೆ ಮಾಡಿಸಿಕೊಳ್ಳಿ. ನಿಕೋಟಿನ್ ಯಾವ ರೂಪದಲ್ಲಿ ಬಂದರೂ ನಾಡಿಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ.

ಪ್ರಶ್ನೆ: ಪಿಯುಸಿ ಓದುವ ಮಗನ ಚೀಲದಲ್ಲಿ ಪೆನ್ನಿನಂಥ ಒಂದು ವಸ್ತುವೂ ಹೆಸರಿಲ್ಲದ ಸಣ್ಣ ಬಾಟಲಿಯೂ ಸಿಕ್ಕವು. ತೆರೆದು ನೋಡುವಾಗ ದ್ರವ ಕೈಮೇಲೆ ಚೆಲ್ಲಿ ಸ್ವಲ್ಪ ಹೊತ್ತು ತಲೆ ಸುತ್ತಿದಂತಾಯಿತು. ಮಗ "ಬರೀ ಫ್ಲೇವರ್ ಅಮ್ಮಾ, ನೀರಿನ ಆವಿ" ಎನ್ನುತ್ತಾನೆ. ಏನು ಮಾಡಲಿ?
– ತಾಯಿಯೊಬ್ಬರು, ಚಿತ್ರದುರ್ಗ

ಉತ್ತರ: ನೀರಿನ ಆವಿಯಲ್ಲ, ಮೇಲೆ ಹೇಳಿದ ಗ್ಲೈಕಾಲ್ ಮತ್ತು ಗ್ಲಿಸರಿನ್ನಿನ ಸೂಕ್ಷ್ಮ ಹನಿಗಳು, ಅವುಗಳ ಜೊತೆ ಹೆಚ್ಚಿನ ಸಲ ನಿಕೋಟಿನ್ನೂ ಇರುತ್ತದೆ. ನಿಕೋಟಿನ್ ಚರ್ಮದ ಮೂಲಕವೂ ಒಳಸೇರುವುದರಿಂದ ನಿಮಗೆ ತಲೆ ಸುತ್ತಿದ್ದರಲ್ಲಿ ಆಶ್ಚರ್ಯವಿಲ್ಲ. ಇನ್ನೊಮ್ಮೆ ತಾಗಿದರೆ ತಕ್ಷಣ ಸೋಪು ಹಾಕಿ ತೊಳೆಯಿರಿ, ವಾಂತಿ ಅಥವಾ ಎದೆಬಡಿತ ಕಂಡರೆ ಆಸ್ಪತ್ರೆಗೆ ಹೋಗಿ. ನನ್ನನ್ನು ಹೆಚ್ಚು ಹೆದರಿಸುವುದು ಬಾಟಲಿಗೆ ಹೆಸರಿಲ್ಲದಿರುವುದು. ಕದ್ದುಮುಚ್ಚಿ ಮಾರುವ ದ್ರವದಲ್ಲಿ ಏನಿದೆಯೆಂದು ಮಾರುವವನಿಗೂ ಗೊತ್ತಿರುವುದಿಲ್ಲ. 2019ರಲ್ಲಿ ಅಮೆರಿಕದಲ್ಲಿ ಹೀಗೆ ಖಾಸಗಿಯಾಗಿ ಕೈಬದಲಾದ ದ್ರವಗಳಿಂದ, ಮುಖ್ಯವಾಗಿ ಗಾಂಜಾದ ಸಾರಕ್ಕೆ ವಿಟಮಿನ್ ಇ ಅಸಿಟೇಟ್ ಬೆರೆಸಿದಂಥವುಗಳಿಂದ, ಶ್ವಾಸಕೋಶದ ತೀವ್ರ ಕಾಯಿಲೆ ಹರಡಿತು; 2020ರ ಫೆಬ್ರುವರಿಯ ಹೊತ್ತಿಗೆ 2,807 ಪ್ರಕರಣಗಳೂ 68 ಸಾವುಗಳೂ ದಾಖಲಾಗಿದ್ದವು. ಮಗನಿಗೆ ಕೆಮ್ಮು, ಏದುಸಿರು, ಜ್ವರ ಇವೆಯೇ ಎಂದು ವಿಚಾರಿಸಿ, ಇದ್ದರೆ ವೈದ್ಯರಿಗೆ ಈ ಸಂಗತಿಯನ್ನು ಮುಚ್ಚಿಡದೆ ಹೇಳಿ.

ವಸ್ತುವನ್ನು ಒಲೆಗೆ ಹಾಕಬೇಡಿ, ಒಳಗಿನ ಲಿಥಿಯಂ ಬ್ಯಾಟರಿ ಸಿಡಿಯುತ್ತದೆ. ಮನೆಯಲ್ಲಿಟ್ಟುಕೊಳ್ಳುವುದೂ ಸರಿಯಲ್ಲ, ಒಪ್ಪಿಸುವ ಬಗೆಯನ್ನು ಜಿಲ್ಲಾ ತಂಬಾಕು ನಿಯಂತ್ರಣ ಘಟಕದಲ್ಲಿ ಕೇಳಿ. ಬೈದು ಹೊಡೆದರೆ ಅವನು ಅಡಗಿಸುವುದನ್ನು ಕಲಿಯುತ್ತಾನೆ, ಬಿಡುವುದನ್ನಲ್ಲ. ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಬೇಕೆನಿಸುತ್ತದೆ ಎಂದು ಶಾಂತವಾಗಿ ಕೇಳಿ. ಅರ್ಧ ಗಂಟೆಯೊಳಗೇ ಎಂದರೆ ಚಟ ಹಿಡಿದಿದೆ ಎಂದು ತಿಳಿಯಿರಿ. ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356ಕ್ಕೆ ಅವನೇ ಕರೆ ಮಾಡಲಿ, ಕರೆ ಉಚಿತ. ದಕ್ಷಿಣದ ಭಾಷೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರವಿರುವುದರಿಂದ ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನನ್ನದು ಮೊಬೈಲ್ ರಿಪೇರಿ ಅಂಗಡಿ. ಕಾಲೇಜು ಹುಡುಗರು ಇ-ಸಿಗರೇಟಿನ ಚಾರ್ಜಿಂಗ್ ಪಿನ್ ಸರಿಮಾಡಿಸಲು, ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಯ ಸೆಲ್ ಕಿತ್ತು ಅದಕ್ಕೆ ಹಾಕಿಸಲು ಬರುತ್ತಾರೆ. ಮಾಡಿಕೊಡಬಹುದೇ?
– ಓದುಗರೊಬ್ಬರು, ಹರಿಹರ

ಉತ್ತರ: ಬೇಡ. ಗಿರಾಕಿಯ ಸಾಧನ ಒಂದು ರಾತ್ರಿ ನಿಮ್ಮ ಡ್ರಾಯರಿನಲ್ಲಿ ಉಳಿದರೂ ಅದು ಸಂಗ್ರಹವೆಂಬ ಪ್ರಶ್ನೆ ಏಳುತ್ತದೆ. ಅದು ಬದಿಗಿರಲಿ, ಲ್ಯಾಪ್‌ಟಾಪಿನ ಸೆಲ್‌ಗಳು ಹೆಚ್ಚು ಹೊತ್ತು ಸ್ವಲ್ಪ ಸ್ವಲ್ಪವೇ ವಿದ್ಯುತ್ ಕೊಡಲು ತಯಾರಾದವು, 0.5 ಓಮಿನ ಕಾಯಿಲ್ ಪ್ರತಿ ಸಲವೂ 7 ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. ಹೊದಿಕೆ ಹರಿದ ಹಳೆಯ ಸೆಲ್ ಆ ಎಳೆತಕ್ಕೆ ಕಾದು ಸಿಡಿದರೆ, ಸಿಡಿಯುವುದು ಹುಡುಗನ ಬಾಯಿಯ ಹತ್ತಿರ ಅಥವಾ ಪ್ಯಾಂಟಿನ ಜೇಬಿನಲ್ಲಿ.